ಬ್ಯಾಂಡು ನಿಲ್ಲಿಸಬಾರದು ಅಂದವರು

ಮಾಸ್ಟ್ರು ಹೋಗಿ ಇವತ್ತಿಗೆ ಇಪ್ಪತ್ತು ದಿನ. ನಮ್ಮೂರಲ್ಲಿ ಯಾರು ಸತ್ತರೂ ತಿಥಿ ಮುಗಿಯೋ ತನಕ ಅವರದೇ ಮಾತು, ಎಂಥ ಕೆಟ್ಟವನಾದರೂ ಸರಿ. ಇವರಿಗೆ ಅದೂ ಇರಲಿಲ್ಲ. ಮೂರನೇ ದಿನಕ್ಕೆ ಎಲ್ಲರೂ ಟೊಮೊಟೊ ರೇಟಿಗೆ ಬಂದರು. ಅದಕ್ಕೇ ನಾನು ಬರೀತಿದೀನಿ. ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ತಪ್ಪಿದರೆ ಮೊಮ್ಮಗಳು ತಿದ್ದುತಾಳೆ, ಮಾತು ತಿದ್ದಬೇಡ ಅಂತ ಹೇಳಿದೀನಿ.

ಅವರ ಹೆಸರು ಬರೆಯಲ್ಲ. ಬೇರೆಯವರ ಹೆಸರು ಕೂಗೋದೇ ಅವರ ಜೀವನದ ಕೆಲಸವಾಗಿತ್ತು. ಅವರ ಹೆಸರನ್ನ ಯಾರೂ ಕೂಗಿದ್ದು ನಾನು ಕೇಳಿಲ್ಲ. ಈಗ ಕೂಗಿ ಏನಾಗಬೇಕು?

ನಮ್ಮದು ಬೈರಕೂರಿನ ಹತ್ತಿರ ಒಂದು ಹಳ್ಳಿ. ಆ ಕಡೆ ಎರಡು ಮೈಲಿ ನಡೆದರೆ ಮಾತೆಲ್ಲ ತೆಲುಗು. ಊರಿಗೆ ಕರೆಂಟು ಬಂದ ವರ್ಷ ಮಾಸ್ಟ್ರು ಬಂದರು. ನನಗಾಗ ನಲವತ್ತರ ಆಸುಪಾಸು, ಅವರಿಗೆ ಅರವತ್ತು. ನಮ್ಮ ಗೋಡೆಗೆ ಆತುಕೊಂಡು ಒಂದು ಹಾಳು ಮನೆ ಇತ್ತು, ಅರ್ಧ ಚಾವಣಿ ಬಿದ್ದಿತ್ತು. ಅದು ಅವರ ತಾತನ ಮನೆಯಂತೆ. ಒಂದು ಟ್ರಂಕು, ಒಂದು ತಗಡಿನ ಕೊಂಬು ತಂದಿದ್ದರು. ಕೊಂಬು ಅಂದರೆ ಊದೋದಲ್ಲ, ಚಿಕ್ಕ ಕಡೆ ಬಾಯಿಟ್ಟು ಮಾತಾಡಿದರೆ ದೊಡ್ಡ ಕಡೆಯಿಂದ ಹತ್ತರಷ್ಟು ಜೋರಾಗಿ ಬರುತ್ತೆ. ಮೈಕು ಬರೋಕೆ ಮುಂಚೆ ಸರ್ಕಸ್ಸಿನವರು ಅದರಲ್ಲೇ ಕೂಗುತ್ತಿದ್ದರಂತೆ. ಇವರು ಸರ್ಕಸ್ಸಿನಲ್ಲಿ ಆಟ ಆಡಿದವರಲ್ಲ, ಆಟ ಕೂಗಿದವರು. ಈಗ ಯಾರು ಬರುತ್ತಾರೆ, ಏನು ಮಾಡುತ್ತಾರೆ, ಯಾಕೆ ಉಸಿರು ಹಿಡಿದು ನೋಡಬೇಕು ಅಂತ ಜನಕ್ಕೆ ಹೇಳೋ ಕೆಲಸ. ಗಂಟಲು ಕೆಟ್ಟ ಮೇಲೆ ಕಂಪನಿಯವರು ಬೇರೆ ಹುಡುಗನನ್ನ ಇಟ್ಟುಕೊಂಡು ಇವರನ್ನ ಕಳಿಸಿದ್ದರು.

ಬಂದ ವಾರದಲ್ಲೇ ಊರಿನವರು ಮಾಸ್ಟ್ರು ಅನ್ನೋಕೆ ಶುರು ಮಾಡಿದರು. ಸ್ಕೂಲಿನ ಮೇಷ್ಟರಿಗೆ ಅದು ಸರಿಹೋಗಲಿಲ್ಲ. ಒಂದಿನ ಅರಳಿಕಟ್ಟೆಯಲ್ಲಿ ಹಿಡಿದುಕೊಂಡು ಕೇಳಿದರು, "ಯಾವ ಸ್ಕೂಲಲ್ಲಿ ಮಾಸ್ಟ್ರಾಗಿದ್ರಿ ಸ್ವಾಮಿ?"

"ಹುಲಿ ಸಿಂಹದ ಸ್ಕೂಲಲ್ಲಿ ಸಾರ್. ಮಗ್ಗಿ ಒಂದು ಬರಲಿಲ್ಲ, ಮಿಕ್ಕಿದ್ದೆಲ್ಲ ಕಲಿತವು."

"ಫೇಲಾದೋರು ಎಷ್ಟು ಜನ?"

"ಫೇಲಾದರೆ ಮೇಷ್ಟರನ್ನೇ ತಿಂತಿದ್ವು ಸಾರ್. ಅದಕ್ಕೆ ಎಲ್ಲರನ್ನೂ ಪಾಸು ಮಾಡಿದೀನಿ."

ಅವರಿಗೆ ಏನನ್ನೂ ಸುಮ್ಮನೆ ನೋಡೋಕೆ ಬರುತ್ತಿರಲಿಲ್ಲ. ಮುಳಬಾಗಿಲ ಬಸ್ಸು ತಿರುವಿನಲ್ಲಿ ಕಂಡರೆ ಸಾಕು, ಬಲಗೈ ಮೇಲೆತ್ತಿ, ಅಂಗೈ ತಿರುವಿ, ಒಡಕು ಗಂಟಲಲ್ಲಿ ಶುರು: "ಮಹಾಜನಗಳೇ, ಹೊಟ್ಟೆಯಲ್ಲಿ ಅರವತ್ತು ಜನರನ್ನ ಇಟ್ಟುಕೊಂಡು, ಹೊಗೆ ಉಗುಳುತ್ತಾ ಬರುತ್ತಿದೆ ಕೆಂಪು ರಾಕ್ಷಸ." ಬಸ್ಸಿನವನು ನಗುತ್ತಿದ್ದ. ನಾನು ಮುದ್ದೆ ತಟ್ಟೆ ಕೊಟ್ಟರೂ ಅದೇ ಕೈ, ಅದೇ ಅಂಗೈ. "ಮಾಸ್ಟ್ರೇ, ಆರೋಗುತ್ತೆ, ತಿನ್ನಿ. ಮುದ್ದೆಗೆ ಚಪ್ಪಾಳೆ ಬೇಡ," ಅಂತಿದ್ದೆ. ದಿನಾ ಒಂದು ಹೊತ್ತು ನಮ್ಮನೆಯಿಂದಲೇ ಊಟ. ಅದಕ್ಕೆ ಬದಲು ನನ್ನ ಹಸುಗಳಿಗೆ ಹುಲ್ಲು ಕೊಯ್ದು ತರುತ್ತಿದ್ದರು. ಹುಲ್ಲು ಕೊಯ್ಯೋದರಲ್ಲಿ ಅವರ ಕೈ ಚೆನ್ನಾಗಿತ್ತು. ನಮ್ಮ ವಂಶ ಸರ್ಕಸ್ಸಿಗೆ ಸೇರಿದ್ದೇ ಹುಲ್ಲಿನಿಂದ ಅಂತಿದ್ದರು.

ಆ ಕತೆ ನನಗೆ ಹತ್ತು ಸಲ ಹೇಳಿದಾರೆ. ಒಂದು ಸಲ ಹೇಳಿದ ಹಾಗೆ ಇನ್ನೊಂದು ಸಲ ಇರುತ್ತಿರಲಿಲ್ಲ. ಎಲ್ಲ ಸಲವೂ ಬಂದ ಸಂಗತಿ ಮಾತ್ರ ಇಲ್ಲಿ ಬರೀತೀನಿ.

ಅವರ ತಾತ ಇದೇ ಮನೆಯಲ್ಲಿ ಹುಟ್ಟಿದವರು. ರಾಣಿ ತಲೆಯ ರೂಪಾಯಿ ಓಡುತ್ತಿದ್ದ ಕಾಲ. ಚಿನ್ನದ ಗಣಿ ಆಗ ತಾನೇ ಶುರುವಾಗಿತ್ತು, ಬಿಳಿ ದೊರೆಗಳು ಹೆಂಡತಿ ಮಕ್ಕಳ ಸಮೇತ ಬಂದು ಇಳಿದಿದ್ದರು. ಅವರಿಗೆ ಸಂಜೆ ಹೊತ್ತು ಹೋಗಬೇಕಲ್ಲ. ಮದ್ರಾಸಿಂದ ಒಂದು ಸರ್ಕಸ್ ಕಂಪನಿ ಎತ್ತಿನ ಗಾಡಿಗಳಲ್ಲಿ ಬಂತು. ಗುಡಾರಕ್ಕೆ ಚಾವಣಿ ಇಲ್ಲ, ಸುತ್ತ ಬಟ್ಟೆ ಅಷ್ಟೇ, ಮಳೆ ಬಂದರೆ ಆಟ ಇಲ್ಲ. ದೊರೆಗಳು ಕುರ್ಚಿ ಮೇಲೆ, ಕೂಲಿಗಳು ನೆಲದ ಮೇಲೆ. ಕುದುರೆಗಳೇ ದೊಡ್ಡ ಆಟ. ಓಡುವ ಕುದುರೆ ಮೇಲೆ ಒಬ್ಬ ಹೆಂಗಸು ನಿಂತುಕೊಂಡು ಹೂ ಎಸೆಯುತ್ತಿದ್ದಳಂತೆ. ಗಂಟೆ ಎಷ್ಟು ಅಂತ ಕೇಳಿದರೆ ಕಾಲು ಕುಟ್ಟಿ ಹೇಳೋ ಒಂದು ಮೇಕೆ ಇತ್ತಂತೆ. ಮೇಕೆ ಯಜಮಾನ ಮೂಗು ಉಜ್ಜಿಕೊಂಡ ತಕ್ಷಣ ಅದು ಕುಟ್ಟೋದು ನಿಲ್ಲಿಸುತ್ತಿತ್ತು, ಅಷ್ಟೇ ವಿದ್ಯೆ. ಒಂದಿನ ಅವನಿಗೆ ನೆಗಡಿ ಬಂದು ಮೂಗು ಉಜ್ಜಿ ಉಜ್ಜಿ, ಸಂಜೆ ಆರು ಗಂಟೆ ಅನ್ನೋದು ಒಂದು ಗಂಟೆಗೇ ನಿಂತುಹೋಯಿತಂತೆ. ಕೂಗೋನು ಕೊಂಬೆತ್ತಿ, "ಈ ಮೇಕೆ ದೊರೆಗಳ ಸೀಮೆಯಿಂದ ಬಂದದ್ದು, ಅಲ್ಲೀಗ ಒಂದು ಗಂಟೆ," ಅಂದನಂತೆ. ಕುರ್ಚಿ ಮೇಲಿದ್ದ ದೊರೆಗಳೇ ಮೊದಲು ಚಪ್ಪಾಳೆ ಹೊಡೆದರಂತೆ.

ತಾತ ಆ ಕುದುರೆಗಳಿಗೆ ಹುಲ್ಲಿನ ಹೊರೆ ಹಾಕೋಕೆ ಹೋದವರು. ಕಂಪನಿ ಯಜಮಾನ ಅವರ ಕೂದಲು, ಹಲ್ಲು ನೋಡಿದ. ಮಾರನೆ ದಿನದಿಂದ ಹುಲ್ಲಿನ ಕೆಲಸ ಇಲ್ಲ. ಮೈಗೆಲ್ಲ ಹರಳೆಣ್ಣೆ, ಮಸಿ. ಕುತ್ತಿಗೆಗೆ ಮೂಳೆ ಸರ. ಬಿದಿರಿನ ಪಂಜರದೊಳಗೆ ಕಾಲಿಗೆ ಸರಪಳಿ. ಹೊರಗಡೆ ಒಬ್ಬ ಇದೇ ತಗಡಿನ ಕೊಂಬಿನಲ್ಲಿ ಕೂಗುತ್ತಿದ್ದ: ಏಳು ಸಮುದ್ರ ದಾಟಿ ಹಿಡಿದು ತಂದ ಕಾಡುಮನುಷ್ಯ, ಮಾತು ಬಾರದು, ಬೆಂದದ್ದು ತಿನ್ನ. ಕುರಿಯ ಹಸಿ ಈಲಿ ಮಾಂಸ ಕಚ್ಚಬೇಕು. ಮೊದಲ ವಾರ ಪ್ರತಿ ಆಟಕ್ಕೂ ವಾಂತಿ ಮಾಡಿಕೊಂಡರಂತೆ. ಅದನ್ನೂ ಜನ ನೋಡಿದರು.

ಕಂಪನಿಯ ಕಟ್ಟಳೆ ಒಂದೇ. ಆಟ ನಡೆಯುವಾಗ ಏನೇ ಆಗಲಿ, ಆಟ ಬಿಡಬಾರದು.

ಹೀಗಿರುವಾಗ ತಾತನ ತಾಯಿ, ಹುಣಸೆಹಣ್ಣು ಮಾರೋಕೆ ಗಾಡಿ ಕಟ್ಟಿಕೊಂಡು ಗಣಿ ಕಡೆ ಹೋದವಳು, ಎಲ್ಲರ ಜೊತೆ ಕಾಡುಮನುಷ್ಯನನ್ನ ನೋಡೋಕೆ ನುಗ್ಗಿದಳು. ಪಂಜರದ ಮುಂದೆ ನಿಂತು, ಬಗ್ಗಿ ನೋಡಿ, "ಒರೇ, ನುವ್ವೇನಾರಾ?" ಅಂದಳಂತೆ. ನೀನೇನೋ ಅಂತ. ತಾತ ಸರಪಳಿ ಕಚ್ಚಿ ಗುರ್ ಅಂದರು. ಅವಳು ಹೆಸರಿಟ್ಟು ಕೂಗಿದಳು. ಇನ್ನೂ ಜೋರಾಗಿ ಗುರ್ ಅಂದು ಬಿದಿರು ಅಲ್ಲಾಡಿಸಿದರು. ಜನ ಹಿಂದಕ್ಕೆ ಓಡಿದರು. ಅವಳು ಓಡಲಿಲ್ಲ, ಸ್ವಲ್ಪ ಹೊತ್ತು ನಿಂತಿದ್ದು ಹೊರಟಳು. ಊರಿಗೆ ಬಂದವಳು, ಗಣಿಯಲ್ಲಿ ನಮ್ಮ ಹುಡುಗನ ಹಾಗೇ ಇರೋ ಒಂದು ಪ್ರಾಣಿ ನೋಡಿದೆ ಅಂತ ಹೇಳಿದಳಂತೆ. ಅಷ್ಟೇ ಹೇಳಿದ್ದು.

ಇದನ್ನ ಮಾಸ್ಟ್ರು ದೊಡ್ಡ ಸಾಧನೆ ಅನ್ನೋ ಹಾಗೆ ಹೇಳುತ್ತಿದ್ದರು. "ಹೆತ್ತ ತಾಯಿ ಎದುರಿಗೆ ನಿಂತರೂ ಆಟ ಬಿಡಲಿಲ್ಲ ನೋಡು ಅಮ್ಮಣ್ಣಿ. ಅದಕ್ಕೇ ಆಮೇಲೆ ಕೊಂಬು ಅವರ ಕೈಗೆ ಬಂತು. ಅವರಿಂದ ನಮ್ಮಪ್ಪನಿಗೆ, ಅಪ್ಪನಿಂದ ನನಗೆ."

"ಆಯಮ್ಮ ಮನೆಗೆ ಬಂದು ಅವತ್ತು ಊಟ ಮಾಡಿದಳಾ?" ಅಂತ ನಾನು ಕೇಳಿದೆ.

ಅವರು ಕೈಯಲ್ಲಿದ್ದ ಕುಡುಗೋಲು ತಿರುಗಿಸಿ ನೋಡಿದರು. "ಅದನ್ನ ನನಗೆ ಯಾರೂ ಹೇಳಲಿಲ್ಲ," ಅಂದರು.

ಅವರಿಂದ ಊರಿಗೆ ಉಪಕಾರವೂ ಆಗಿದೆ, ಅಪಕಾರವೂ ಆಗಿದೆ. ಒಂದು ವರ್ಷ ಕಡಲೆಕಾಯಿ ಹೊಲಕ್ಕೆ ಹಂದಿ ಕಾಟ ಜಾಸ್ತಿಯಾಯಿತು. ಮಾಸ್ಟ್ರು ಒಂದು ಮಡಕೆ ತಂದು, ಬಾಯಿಗೆ ಆಡಿನ ಚರ್ಮ ಬಿಗಿದು, ನಡುವೆ ತೂತು ಮಾಡಿ ಮೇಣ ಹಚ್ಚಿದ ಹುರಿ ಸಿಕ್ಕಿಸಿದರು. ಒದ್ದೆ ಕೈಯಲ್ಲಿ ಹುರಿ ಜಗ್ಗಿದರೆ ಸಾಕ್ಷಾತ್ ಸಿಂಹ. ಹಳೇ ಕಂಪನಿಗಳಲ್ಲಿ ಸಿಂಹ ಮುದಿಯಾಗಿ ಹಲ್ಲುದುರಿ ಮಲಗಿಬಿಟ್ಟರೆ, ಗುಡಾರದ ಹಿಂದೆ ಈ ಮಡಕೆ ಗರ್ಜಿಸುತ್ತಿತ್ತಂತೆ. ಹೊರಗಡೆ ಜನ ಹೆದರಿಕೊಂಡು ಟಿಕೆಟ್ಟು ಕೊಳ್ಳುತ್ತಿದ್ದರಂತೆ. ಹಂದಿಗಳೇನೋ ಎರಡು ದಿನ ಬರಲಿಲ್ಲ. ಆದರೆ ನನ್ನ ಹಸುಗಳು ಎರಡೂ ಸೊರ ಬಿಡಲಿಲ್ಲ, ಕೆಚ್ಚಲಿಗೆ ಹಾಲೇ ಇಳಿಯಲಿಲ್ಲ. ಪಕ್ಕದ ಬೀದಿ ಮುನಿಯಮ್ಮನ ಎಮ್ಮೆ ಹಗ್ಗ ಕಿತ್ತುಕೊಂಡು ಬೈರಕೂರು ಸೇರಿತು. ನಾನು ಮಡಕೆ ಇಸಕೊಂಡು ಕಲ್ಲಿನ ಮೇಲೆ ಕುಕ್ಕಿದೆ. "ನಿಮ್ಮ ಸಿಂಹ ಸತ್ತೋಯ್ತು ಮಾಸ್ಟ್ರೇ. ಈಗ ಹುಲ್ಲಿಗೆ ಹೋಗಿ." ಅವರು ಚೂರುಗಳನ್ನ ನೋಡಿ ಬಲಗೈ ಎತ್ತಿದರು, ಅಂಗೈ ತಿರುವಿದರು, ಕುಡುಗೋಲು ತಗೊಂಡು ಹುಲ್ಲಿಗೆ ಹೋದರು.

ನಮ್ಮ ಯಜಮಾನರು ಹೋದ ದಿನದ ವಿಷಯ ಬರೀಬೇಕು. ಬೆಳಗಿನ ಜಾವ ಎದೆ ಹಿಡಿದುಕೊಂಡು ಎದ್ದು ಕೂತರು, ನೀರು ಕೇಳಿದರು, ನೀರು ತರೋ ಹೊತ್ತಿಗೆ ಮುಗಿದಿತ್ತು. ಹಸುಗಳು ಕೂಗುತ್ತಿದ್ದವು. ನಾನು ಅವರ ಕಣ್ಣು ಮುಚ್ಚಿಸಿ, ಗಲ್ಲಕ್ಕೆ ಬಟ್ಟೆ ಕಟ್ಟಿ, ಹೊರಗೆ ಬಂದು ಎರಡೂ ಹಸು ಹಾಲು ಕರೆದೆ. ಕ್ಯಾನು ತಗೊಂಡು ಡೈರಿಗೆ ಹೋಗಿ ಹಾಲು ಹಾಕಿದೆ. ಸೆಕ್ರೆಟ್ರಿ ಹಾಲಿನ ಡಿಗ್ರಿ ನೋಡಿ ಬರಕೊಂಡ. ಆಮೇಲೆ ಮನೆಗೆ ಬಂದು ಅಕ್ಕಪಕ್ಕದವರನ್ನ ಎಬ್ಬಿಸಿದೆ. ಏನೂ ಅನ್ನಿಸುತ್ತಿರಲಿಲ್ಲ. ಕೈಗೆ ಗೊತ್ತಿದ್ದ ಕೆಲಸ ಕೈ ಮಾಡಿತು.

ಊರಿಗೆ ಗೊತ್ತಾಗದೆ ಇರುತ್ತದಾ? ಸಾವಿನ ಮನೆಯಲ್ಲೇ ಮುನಿಯಮ್ಮ ನನಗೆ ಕೇಳೋ ಹಾಗೆ, "ಇವಳ ಎದೆ ಕ್ಯಾನಿನ ತಗಡು ಕಣೇ," ಅಂದಳು. ಇರಬಹುದು ಅಂದುಕೊಂಡೆ.

ಆವತ್ತು ಬಾಗಿಲಲ್ಲಿ ನಿಂತು ಜನ ಸಂಭಾಳಿಸಿದ್ದು ಮಾಸ್ಟ್ರು. ಬಂದವರನ್ನ ಸಾಲಾಗಿ ಬಿಟ್ಟು, ಹೆಂಗಸರನ್ನ ಒಂದು ಕಡೆ ಗಂಡಸರನ್ನ ಒಂದು ಕಡೆ ಕೂರಿಸಿ, ಕೆಲಸ ಸಲೀಸು ಮಾಡಿದರು. ಎಲ್ಲ ಮುಗಿದು ಜನ ಹೋದ ಮೇಲೆ ಹಿತ್ತಲಿಗೆ ಬಂದು ನಿಂತರು. "ಹಾಲು ಹಾಕಿ ಬಂದೆಯಂತೆ," ಅಂದರು.

"ಹೂಂ."

"ನೀನು ನಮ್ಮ ಕಂಪನಿಯವಳು ಕಣಮ್ಮಾ." ಮೆಚ್ಚಿಕೊಂಡು ಹೇಳಿದ್ದು. ನನಗೆ ಮೆಚ್ಚುಗೆಯೂ ಅನ್ನಿಸಲಿಲ್ಲ, ಬೈಗುಳವೂ ಅನ್ನಿಸಲಿಲ್ಲ. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತು, ಅಷ್ಟು ವರ್ಷ ಹೇಳದೆ ಇದ್ದ ಒಂದು ಮಾತು ಹೇಳಿದರು.

ಅವರಿಗೂ ಹೆಂಡತಿ ಇದ್ದಳು. ಕಂಪನಿಯಲ್ಲೇ ಆಟದವಳು. ಎತ್ತರದಲ್ಲಿ ಕಟ್ಟಿದ ಹಗ್ಗದ ತುದಿಗೆ ಒಂದು ತೊಗಲಿನ ತುಂಡು ಇರುತ್ತೆ, ಅದನ್ನ ಹಲ್ಲಲ್ಲಿ ಕಚ್ಚಿಕೊಂಡು, ಕೈಕಾಲು ಬಿಟ್ಟು, ಬುಗುರಿ ಹಾಗೆ ತಿರುಗಬೇಕು. ಕೆಳಗಡೆ ಬಲೆ ಇಲ್ಲ. ಒಂದು ಮಧ್ಯಾಹ್ನದ ಆಟದಲ್ಲಿ ಹಲ್ಲಿನಿಂದ ತೊಗಲು ಜಾರಿತು. ಅವರ ಮಗಳು, ಹನ್ನೆರಡು ವರ್ಷದವಳು, ಮುಂದಿನ ಆಟಕ್ಕೆ ಏಣಿಯ ಅರ್ಧಕ್ಕೆ ಹತ್ತಿ ಅಲ್ಲೇ ನಿಂತಿದ್ದಳು. ಅವಳ ಪಕ್ಕದಲ್ಲೇ ತಾಯಿ ಕೆಳಗೆ ಹೋದಳು.

"ಜನ ಎದ್ದು ನಿಂತರು," ಅಂದರು ಮಾಸ್ಟ್ರು. "ಮೂರು ಸಾವಿರ ಜನ. ಒಂದು ಸಲ ಎದ್ದು ಓಡಿದರೆ ಕಂಬ ಬೀಳುತ್ತೆ, ಮಕ್ಕಳು ಕಾಲಡಿ ಸಿಗುತ್ತವೆ. ಬ್ಯಾಂಡಿನವರು ನನ್ನನ್ನ ನೋಡಿದರು. ನಿಲ್ಲಿಸಬೇಡಿ ಅಂತ ಕೈ ಮಾಡಿದೆ. ಜೋಕರುಗಳು ಅವಳನ್ನ ಎತ್ತಿಕೊಂಡು ಕುಣೀತಾ ಹೋದರು. ನಾನು, ಮಹಾಜನಗಳೇ, ಇದೂ ಆಟದ ಭಾಗ, ಅಂದೆ."

"ಆಮೇಲೆ?"

"ಚಪ್ಪಾಳೆ ಹೊಡೆದರು."

ಹಿತ್ತಲಲ್ಲಿ ಹಸು ಗೊಂತಿನ ಹಗ್ಗ ಎಳೆಯಿತು. ಅವರೇ ಮುಂದುವರಿಸಿದರು. "ಆಮೇಲೆ ಮಗಳ ಹೆಸರು ಕೂಗಿದೆ. ಮಿಸ್ ಲಿಲ್ಲಿ ಅಂತ. ಹೋದಳು, ಉಳಿದ ಏಣಿ ಹತ್ತಿದಳು, ಆಟ ಮಾಡಿದಳು, ಇಳಿದಳು. ಅವತ್ತಿಂದ ನನ್ನ ಹತ್ತಿರ ಮಾತಾಡಿಲ್ಲ. ಇಪ್ಪತ್ತು ವರ್ಷ ಒಂದೇ ಕಂಪನಿ, ಪಕ್ಕ ಪಕ್ಕದ ಡೇರೆ. ದಿನಾ ಎರಡು ಸಲ ಹೆಸರು ಕೂಗುತ್ತಿದ್ದೆ, ಕೂಗಿದಾಗ ಬರುತ್ತಿದ್ದಳು. ಅಷ್ಟೇ ನಮ್ಮ ಮಾತು."

"ನಿಲ್ಲಿಸಬಹುದಿತ್ತಲ್ಲ," ಅಂದೆ ನಾನು. ನನ್ನ ಬಾಯಿ ಹಾಗೆ. ಗಂಡ ಸತ್ತ ದಿನವೂ ಅದು ಸುಮ್ಮನಿರಲಿಲ್ಲ.

"ನಿಲ್ಲಿಸಿದ್ದರೆ ಜನ ಸಾಯ್ತಿದ್ರು ಅಮ್ಮಣ್ಣಿ. ನಿನಗೆ ಗೊತ್ತಿಲ್ಲ. ಬ್ಯಾಂಡು ನಿಲ್ಲಿಸಬಾರದು." ಎದ್ದು ಹೋದರು. ಆ ಎರಡು ಪದ ಅವರು ದಿನಾ ಬೆಳಗ್ಗೆ ಎದ್ದು ತಮಗೇ ಹೇಳಿಕೊಳ್ಳುತ್ತಿದ್ದರೋ ಏನೋ, ಅಷ್ಟು ಸಲೀಸಾಗಿ ಬಂತು.

ಅದಾಗಿ ಐದಾರು ವರ್ಷ ಕಳೆಯಿತು. ಈ ವರ್ಷ ಮಾವಿನ ಕಾಯಿ ಇಳಿಸೋ ಹೊತ್ತಿಗೆ ಬೈರಕೂರಿನ ಗೋಡೆಗಳ ಮೇಲೆ ಬಣ್ಣದ ಪೋಸ್ಟರು ಬಿತ್ತು. ಕೋಲಾರದ ಮೈದಾನದಲ್ಲಿ ಸರ್ಕಸ್ಸು. ಮಾಸ್ಟ್ರ ಹಳೇ ಕಂಪನಿಯೇ. ಅವರು ಗೋಡೆ ಮುಂದೆ ನಿಂತಿದ್ದು ಎಷ್ಟು ಹೊತ್ತೋ, ಆವತ್ತು ಹುಲ್ಲು ಬರಲಿಲ್ಲ. ಸಂಜೆ ನಮ್ಮ ಜಗಲಿಗೆ ಬಂದರು.

"ನಾಳೆ ಕೋಲಾರಕ್ಕೆ ಬರ್ತೀಯಾ ಅಮ್ಮಣ್ಣಿ? ನನಗೆ ಬಸ್ಸಿನ ಬೋರ್ಡು ಕಾಣಲ್ಲ."

"ಏನು ಮಾಡೋಕೆ?"

"ಅವಳಿಗೀಗ ನಲವತ್ತು ದಾಟಿದೆ. ಹತ್ತೋದು ಬಿಟ್ಟು ಹುಡುಗೀರಿಗೆ ಕಲಿಸ್ತಾಳಂತೆ. ಕೆಳಗಡೆ ನಿಂತು ಹಗ್ಗ ಹಿಡೀತಾಳಂತೆ." ಬಗಲಲ್ಲಿದ್ದ ಕೊಂಬು ತೋರಿಸಿದರು. ಹುಣಸೆಹಣ್ಣು ಹಾಕಿ ಉಜ್ಜಿದ್ದರು, ಹೊಳೆಯುತ್ತಿತ್ತು. "ಹೂವಿನ ಜಾಗದಲ್ಲಿ ಕೂತು ಒಂದು ಸಲ ಹೆಸರು ಕೂಗ್ತೀನಿ. ಈ ಕೊಂಬಿಗೆ ಅವಳು ಬರದೆ ಇದ್ದದ್ದಿಲ್ಲ. ಬಂದರೆ ಮಾತಾಡ್ತೀನಿ. ಬರದಿದ್ದರೆ ವಾಪಸು ಬರೋಣ."

"ಹೂವಿನ ಜಾಗ ಅಂದ್ರೆ?"

"ಮುಂದಿನ ಸಾಲು. ಹಿಂದೆ ಹೂ ಎಸೀತಿದ್ರಲ್ಲ, ಅದು ಬೀಳ್ತಿದ್ದ ಜಾಗ."

ಬೆಳಗ್ಗೆ ಹಾಲು ಹಾಕಿ, ಸಂಜೆ ಹಾಲು ಕರೆಯೋಕೆ ಸೊಸೆಗೆ ಹೇಳಿ ಹೊರಟೆ. ಮುಳಬಾಗಿಲಲ್ಲಿ ಬಸ್ಸು ಬದಲಾಯಿಸಿ ಕೋಲಾರಕ್ಕೆ ಹೋದೆವು. ದಾರಿಯಲ್ಲಿ ಎದುರಿಗೆ ಬಂದ ಬಸ್ಸುಗಳನ್ನೂ ಅವರು ಕೂಗಲಿಲ್ಲ.

ಮಧ್ಯಾಹ್ನದ ಆಟ. ಮುಂದಿನ ಸಾಲು ಸಿಗಲಿಲ್ಲ, ಪಕ್ಕದ ಹಲಗೆ ಮೆಟ್ಟಿಲಲ್ಲಿ ಕೂತೆವು. ಗುಡಾರದೊಳಗೆ ಮರದ ಹೊಟ್ಟು, ಆನೆ ಲದ್ದಿ, ಬೆವರು ಎಲ್ಲ ಸೇರಿ ಬಿಸಿ ನಾತ. ಪ್ಯಾಂಟು ಹಾಕಿದ ಹುಡುಗ ಒಬ್ಬ ಮೈಕಿನಲ್ಲಿ ಕೂಗುತ್ತಿದ್ದ. ಅವನು ಒಂದು ಮಾತು ಹೇಳಿದರೆ ನನ್ನ ಪಕ್ಕದಲ್ಲಿ ಮಾಸ್ಟ್ರ ತುಟಿ ಅದನ್ನೇ ಅವನಿಗಿಂತ ಒಂದು ಗಳಿಗೆ ಮುಂಚೆ ಹೇಳುತ್ತಿತ್ತು. ಕೈ ಮಾತ್ರ ಕೊಂಬಿನ ಮೇಲೆ.

ತೂಗುವ ಹಗ್ಗದ ಆಟ ಬಂತು. ಬಲೆ ಕಟ್ಟಿದರು. ಬಲೆಯ ಒಂದು ಮೂಲೆಯಲ್ಲಿ ದಪ್ಪನೆ ಹೆಂಗಸೊಬ್ಬಳು ನೀಲಿ ಕೋಟು ಹಾಕಿಕೊಂಡು, ತಲೆ ಮೇಲೆತ್ತಿ ನಿಂತಿದ್ದಳು. ಅರ್ಧ ಕೂದಲು ಬೆಳ್ಳಗಾಗಿತ್ತು.

"ಅವಳೇ," ಅಂದರು.

"ಹಾಗಾದರೆ ಕೂಗಿ."

"ಈ ಆಟ ಮುಗೀಲಿ. ಮೇಲಿರೋ ಮಕ್ಕಳ ಗಮನ ತಪ್ಪುತ್ತೆ." ಕೊಂಬನ್ನ ಬಾಯಿಯ ಹತ್ತಿರಕ್ಕೆ ತಂದು ಹಾಗೇ ಹಿಡಿದುಕೊಂಡರು.

ಕೊನೆಯ ಹುಡುಗಿ ಈ ಕಡೆಯಿಂದ ಹಾರಿದಳು. ಆ ಕಡೆ ಇದ್ದವನ ಕೈ ಸಿಕ್ಕಿತು, ಜಾರಿತು. ಬಲೆಗೇ ಬಿದ್ದಳು, ಆದರೆ ಅಂಚಿಗೆ. ಅಲ್ಲಿಂದ ಪುಟಿದು ನೆಲಕ್ಕೆ ಬಿದ್ದಳು. ಎಲ್ಲರೂ ಹೋ ಅಂದು ಎದ್ದರು. ಬ್ಯಾಂಡು ಇನ್ನೂ ಜೋರಾಯಿತು. ಎರಡು ಜೋಕರುಗಳು ಪಲ್ಟಿ ಹೊಡೆಯುತ್ತಾ ಓಡಿಬಂದರು. ಮೈಕಿನ ಹುಡುಗ ಏನೋ ನಗೆ ಮಾತು ಶುರು ಮಾಡಿದ. ನನ್ನ ಪಕ್ಕದಲ್ಲಿ ಮಾಸ್ಟ್ರು ಸಣ್ಣಗೆ ಹೇಳುತ್ತಿದ್ದರು: "ಮಹಾಜನಗಳೇ, ಇದೂ ಆಟದ... ಮಹಾಜನಗಳೇ, ಇದೂ ಆಟದ..."

ಆ ನೀಲಿ ಕೋಟಿನವಳು ಒಬ್ಬ ಜೋಕರನ್ನ ಪಕ್ಕಕ್ಕೆ ತಳ್ಳಿದಳು. ರಿಂಗಿನ ನಡುವೆ ನಿಂತು ಬ್ಯಾಂಡಿನ ಕಡೆ ತಿರುಗಿ ಬಲಗೈ ಎತ್ತಿದಳು, ಅಂಗೈ ತಿರುವಿದಳು. ಆ ಕೈ ನನಗೆ ಗೊತ್ತಿತ್ತು. ಹದಿನೈದು ವರ್ಷದಿಂದ ದಿನಾ ನನ್ನ ಮುದ್ದೆ ತಟ್ಟೆಗೆ ಎತ್ತಿದ ಕೈ.

ಬ್ಯಾಂಡು ನಿಂತಿತು.

ಅವಳು ಮೈಕು ಇಸಕೊಂಡಳು. ಹಿಂದಿಯಲ್ಲಿ ಏನೋ ಹೇಳಿ, ಆಮೇಲೆ ಹರಕು ಕನ್ನಡದಲ್ಲಿ, "ಹುಡುಗಿಗೆ ಪೆಟ್ಟಾಗಿದೆ. ಆಟ ಇಲ್ಲ ಈಗ. ಕೂತುಕೊಳ್ಳಿ," ಅಂದಳು. ಮೈಕು ಕೆಳಗಿಟ್ಟು ಹುಡುಗಿಯ ಪಕ್ಕ ಮಂಡಿಯೂರಿ ಕೂತಳು.

ಜನ ಕೂತರು. ಯಾರೂ ಓಡಲಿಲ್ಲ. ಕಂಬ ಬೀಳಲಿಲ್ಲ. ಅಷ್ಟು ದೊಡ್ಡ ಗುಡಾರದಲ್ಲಿ ಆ ಹುಡುಗಿ ಅಳೋದು ಎಲ್ಲರಿಗೂ ಕೇಳಿಸುತ್ತಿತ್ತು. ಯಾವುದೋ ಮಗು ಕೆಮ್ಮಿತು. ನಮ್ಮ ಹಿಂದೆ ಕೂತವನು ಕಡಲೆಕಾಯಿ ಸುಲಿಯೋದು ನಿಲ್ಲಿಸಿದ್ದ, ಮತ್ತೆ ಮೆಲ್ಲಗೆ ಸುಲಿಯೋಕೆ ಶುರು ಮಾಡಿದ. ಹಲಗೆ ತಂದು, ಹುಡುಗಿಯನ್ನ ಮಲಗಿಸಿ, ಹೊತ್ತುಕೊಂಡು ಹೋದರು. ನೀಲಿ ಕೋಟಿನವಳು ಜೊತೆಗೆ ನಡೆದಳು. ಜನ ಕಾದರು.

ನಾನು ಮಾಸ್ಟ್ರ ಕಡೆ ತಿರುಗಿದೆ. ಅವರ ತುಟಿ ನಿಂತಿತ್ತು. ಕೊಂಬು ಮಂಡಿ ಮೇಲಿತ್ತು.

"ಕೂಗಲ್ವಾ?"

ಬೇಡ ಅಂತ ತಲೆಯಾಡಿಸಿದರು. ಎದ್ದು, ಮೆಟ್ಟಿಲ ಮೇಲೆ ಕಾಲು ತಡವುತ್ತಾ ಹೊರಗೆ ಹೋದರು. ಬೇಲಿ ಪಕ್ಕದ ನೆರಳಲ್ಲಿ ಅವರನ್ನ ಕೂರಿಸಿ ನಾನು ಗುಡಾರದ ಹಿಂದುಗಡೆ ನಡೆದೆ. ಇಷ್ಟು ದೂರ ಬಂದು ಸುಮ್ಮನೆ ಹೋಗೋಕೆ ನನಗೇನು ಹುಚ್ಚಾ? ಅಲ್ಲಿ ಹುಡುಗಿಯನ್ನ ಜೀಪಿಗೆ ಹತ್ತಿಸುತ್ತಿದ್ದರು. ಕಾಲು ಮುರಿದಿತ್ತಂತೆ, ಜೀವಕ್ಕೇನೂ ಇರಲಿಲ್ಲ. ನಾನು ಅವಳ ಹತ್ತಿರ ಹೋಗಿ, "ನಿಮ್ಮಪ್ಪ ಬಂದಿದಾರೆ," ಅಂದೆ.

"ನೋಡಿದೆ. ಹಲಗೆ ಮೇಲೆ ಕೂತಿದ್ದರು." ತೆಲುಗು ಬೆರೆಸಿ ಹೇಳಿದಳು. ಗಂಟಲು ಮಾಸ್ಟ್ರದೇ.

"ಬಾ ಮತ್ತೆ. ಬೇಲಿ ಹತ್ತಿರ ಇದಾರೆ."

"ಮಗು ಜೊತೆ ಆಸ್ಪತ್ರೆಗೆ ಹೋಗಬೇಕು." ಜೀಪಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು. "ಬ್ಯಾಂಡು ನಿಲ್ಲಿಸಿದಾಗ ಏನಂದರು?"

"ಏನೂ ಅನ್ನಲಿಲ್ಲ."

"ಏನೂ ಅನ್ನಲಿಲ್ವಾ?"

"ಇಲ್ಲಮ್ಮಾ. ಸುಮ್ಮನಿದ್ದರು."

ಅತ್ತಳು ಅಂತ ಬರೆದರೆ ಸುಳ್ಳಾಗುತ್ತೆ. "ಸರಿ," ಅಂದಳು. ಹತ್ತಿ ಕೂತು ಆ ಹುಡುಗಿಯ ತಲೆ ತೊಡೆ ಮೇಲೆ ಇಟ್ಟುಕೊಂಡಳು. ಜೀಪು ಹೋಯಿತು. ಒಳಗಡೆ ಮತ್ತೆ ಬ್ಯಾಂಡು ಶುರುವಾಯಿತು.

ಅವಳು ಹೇಳಿದ್ದಷ್ಟನ್ನೂ ಮಾಸ್ಟ್ರಿಗೆ ಹೇಳಿದೆ, ಒಂದು ಸೇರಿಸಲಿಲ್ಲ, ಒಂದು ಬಿಡಲಿಲ್ಲ. ಕೇಳಿಸಿಕೊಂಡರು. ಬಸ್ ಸ್ಟ್ಯಾಂಡಿನಲ್ಲಿ ಟೀ ಕೊಡಿಸಿದೆ. ಲೋಟ ಕೈಯಲ್ಲಿ ಹಿಡಿದುಕೊಂಡು ಕೇಳಿದರು, "ಅಮ್ಮಣ್ಣಿ, ಏನೂ ಆಗಲಿಲ್ಲ ಅಲ್ವಾ?"

"ಯಾವಾಗ?"

"ಬ್ಯಾಂಡು ನಿಂತಾಗ. ಜನಕ್ಕೆ."

"ಏನೂ ಆಗಲಿಲ್ಲ. ಕೂತಿದ್ದರು."

"ಕಡಲೆಕಾಯಿ ತಿಂತಿದ್ದರು."

"ಹೂಂ. ತಿಂತಿದ್ದರು."

ಅವತ್ತು ಜನ ಬೇರೆ, ಇವತ್ತು ಜನ ಬೇರೆ ಅಂತ ನಾನು ಹೇಳಬಹುದಿತ್ತು. ಸಮಾಧಾನ ಹೇಳೋದು ನನಗೆ ಬರಲ್ಲ. ಅವರು ಟೀ ಕುಡಿಯಲಿಲ್ಲ, ಲೋಟ ಹಾಗೇ ವಾಪಸು ಕೊಟ್ಟರು.

ಅಲ್ಲಿಂದ ಮುಂದೆ ಅವರು ಯಾವ ಬಸ್ಸನ್ನೂ ಕೂಗಲಿಲ್ಲ. ಮುದ್ದೆ ಕೊಟ್ಟರೆ ಎರಡೂ ಕೈಯಲ್ಲಿ ಇಸಕೊಂಡು ತಿನ್ನುತ್ತಿದ್ದರು. ಕೈ ಎತ್ತಲಿಲ್ಲವಲ್ಲ ಅಂತ ನನಗೇ ಒಂದು ಥರ ಆಗೋದು. "ಏನ್ ಮಾಸ್ಟ್ರೇ, ಮುದ್ದೆ ಚೆನ್ನಾಗಿಲ್ವಾ?" ಅಂತ ಒಂದಿನ ಕೆಣಕಿದೆ. "ಚೆನ್ನಾಗಿದೆ ತಾಯಿ," ಅಂದರು. ಹುಲ್ಲು ತರೋದು ಮಾತ್ರ ತಪ್ಪಿಸಲಿಲ್ಲ. ಆಮೇಲೆ ಅದೂ ಕಡಿಮೆಯಾಯಿತು, ಹೊರೆ ಹೋಗಿ ಕಟ್ಟಾಯಿತು, ಕಟ್ಟು ಹೋಗಿ ಹಿಡಿಯಾಯಿತು.

ಇಪ್ಪತ್ತು ದಿನದ ಹಿಂದೆ, ಬೆಳಗ್ಗೆ ನಾನು ಹಾಲು ಕರೆದು ಕ್ಯಾನು ಜಗಲಿ ಮೇಲಿಟ್ಟು, ಅವರಿಗೆ ಒಂದು ಲೋಟ ಕೊಡೋಣ ಅಂತ ಹೋದೆ. ಬಾಗಿಲು ತೆಗೆದಿತ್ತು. ಚಾಪೆ ಮೇಲೆ ಅಂಗಾತ ಮಲಗಿದ್ದರು. ಮುಟ್ಟಿದರೆ ತಣ್ಣಗಿದ್ದರು. ಕಣ್ಣು ಅವರೇ ಮುಚ್ಚಿಕೊಂಡಿದ್ದರು, ನನಗೆ ಆ ಕೆಲಸ ಇಡಲಿಲ್ಲ. ಲೋಟ ಗೂಡಿನಲ್ಲಿಟ್ಟೆ. ಡೈರಿಯ ಗಂಟೆ ಹೊಡೆಯಿತು. ಇನ್ನು ಅರ್ಧ ಗಂಟೆಯಲ್ಲಿ ಹಾಲಿನ ಲಾರಿ ಬರುತ್ತೆ, ಅಷ್ಟರೊಳಗೆ ಹಾಕಬೇಕು. ನನ್ನ ಕಾಲು ತಾನಾಗಿ ಬಾಗಿಲ ತನಕ ಹೋಯಿತು. ಅಲ್ಲಿ ನಿಂತೆ. ಜಗಲಿ ಮೇಲೆ ಕ್ಯಾನು ಕಾಣುತ್ತಿತ್ತು.

ವಾಪಸು ಬಂದು ಅವರ ಪಕ್ಕ ಕೂತೆ. ಲಾರಿ ಬಂದ ಸದ್ದು ಕೇಳಿಸಿತು, ಹೋದ ಸದ್ದು ಕೇಳಿಸಿತು. ಸೊಸೆ ಹುಡುಕಿಕೊಂಡು ಬಂದ ಮೇಲೇ ಊರಿಗೆ ಗೊತ್ತಾಗಿದ್ದು. ಅವರ ಮಗಳಿಗೆ ಕಂಪನಿ ಹೆಸರಿಗೆ ಕಾರ್ಡು ಬರೆಸಿ ಹಾಕಿದೀನಿ, ಕಂಪನಿ ಈಗ ಯಾವ ಊರಲ್ಲಿದೆಯೋ ಗೊತ್ತಿಲ್ಲ. ಕೊಂಬು ನಮ್ಮ ಅಟ್ಟದ ಮೇಲಿದೆ. ಬಂದರೆ ಕೊಡ್ತೀನಿ.

ಆವತ್ತಿನ ಹಾಲು ಮಧ್ಯಾಹ್ನಕ್ಕೆ ಒಡೆಯಿತು. ತೆಂಗಿನ ಬುಡಕ್ಕೆ ಸುರಿದೆ. ಮಾರನೆ ದಿನ ಎಂದಿನಂತೆ ಕ್ಯಾನು ತಗೊಂಡು ಹೋದರೆ ಡೈರಿ ಸೆಕ್ರೆಟ್ರಿ ಪುಸ್ತಕ ತಿರುವಿ, "ಏನ್ ಅಜ್ಜಿ, ಯಜಮಾನ್ರು ಹೋದ ದಿನಾನೂ ಹಾಲು ತಪ್ಪಿಸಿದವಳಲ್ಲ ನೀನು. ನಿನ್ನೆ ಯಾಕೆ ಬರಲಿಲ್ಲ?" ಅಂದ. ಸಾಲಿನಲ್ಲಿ ಹಿಂದೆ ಮುನಿಯಮ್ಮ ನಿಂತಿದ್ದಳು.

"ನಿಲ್ಲಿಸಿದ್ದೆ," ಅಂದೆ. ಕ್ಯಾನಿನ ಮುಚ್ಚಳ ತೆಗೆದೆ.